ಹಸಿರು ಚುಕ್ಕೆ, ಕೆಂಪು ಚುಕ್ಕೆ: ಹದಿನೆಂಟು ಪ್ಲಾಸ್ಟಿಕ್ ಡೈನೋಸಾರುಗಳ ಒಂದು ಪ್ರಕರಣ

ಹಿನ್ನೆಲೆ

ಮುಂಬೈಯ ಪೂರ್ವ ಉಪನಗರವೊಂದರಲ್ಲಿ ಒಂದು ಕನ್ನಡ ಸಂಘ. ಸಂಘ ಅಂದರೆ ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಹಾಲ್, ಎರಡು ಕಬ್ಬಿಣದ ಕಪಾಟು, ಮಡಚುವ ಕುರ್ಚಿಗಳು, ಗೋಡೆಯ ಮೇಲೆ ತೀರಿಹೋದ ಅಧ್ಯಕ್ಷರ ಫೋಟೋಗಳು. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ಅಲ್ಲಿ ಮಕ್ಕಳಿಗೆ ಕನ್ನಡ ತರಗತಿ ನಡೆಯುತ್ತದೆ. ನಾನು ನಿವೃತ್ತ ವಿಜ್ಞಾನ ಶಿಕ್ಷಕಿ. ಅಕ್ಷರ ಕಲಿಸಲು ಹೋದವಳು, ಹಳೇ ಚಟ ಬಿಡದೆ ನಡುನಡುವೆ ವಿಜ್ಞಾನ ತುರುಕುತ್ತೇನೆ.

ಆ ವರ್ಷ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದರು, ಒಂಬತ್ತರಿಂದ ಹದಿಮೂರು ವರ್ಷದವರು. ಎಲ್ಲರದ್ದೂ ಇಂಗ್ಲಿಷ್ ಮಾಧ್ಯಮ. ಮನೆಯಲ್ಲಿ ಕೆಲವರದು ತುಳು, ಕೆಲವರದು ಕುಂದಾಪುರದ ಕನ್ನಡ, ಇಬ್ಬರದು ಧಾರವಾಡದ ಕಡೆಯದು. ಲಿಫ್ಟಿನಿಂದ ಕೆಳಗಿಳಿದರೆ ಹಿಂದಿ, ಮರಾಠಿ. ವಾರ್ಷಿಕೋತ್ಸವಕ್ಕೆ ಮಕ್ಕಳದ್ದೇ ಒಂದು ‘ವಿಜ್ಞಾನ ಮೇಜು’ ಇಡಬೇಕು, ವಿವರಣೆ ಎಲ್ಲ ಕನ್ನಡದಲ್ಲಿ ಹೇಳಬೇಕು ಎಂದು ಸಮಿತಿಯವರ ಅಪ್ಪಣೆ. ನನಗೆ ಮಳೆಯ ಬಗ್ಗೆ ಮಾಡಿಸುವ ಆಸೆಯಿತ್ತು. ಮಕ್ಕಳು ಒಂದೇ ಬಾಯಲ್ಲಿ ಡೈನೋಸಾರ್ ಎಂದರು.

ಯಾರ ಗುರುತೂ ಸಿಗದಂತೆ ಹೆಸರು, ವಯಸ್ಸು, ಊರುಗಳನ್ನು ಸ್ವಲ್ಪ ಅಲುಗಾಡಿಸಿದ್ದೇನೆ. ಒಬ್ಬಳನ್ನು ಅಮ್ಮಿ ಎನ್ನುತ್ತೇನೆ, ಒಬ್ಬನನ್ನು ಮಾಣಿ. ಕರಾವಳಿಯ ಕಡೆ ಬೀದಿಗೆ ನಾಲ್ಕು ಮಕ್ಕಳಿಗೆ ಮನೆಯಲ್ಲಿ ಇವೇ ಹೆಸರು, ಹುಡುಕಿ ಪ್ರಯೋಜನವಿಲ್ಲ.

ತೊಡಕು ಶುರುವಾದದ್ದು

ಮೊದಲ ಭಾನುವಾರ ಮಾಣಿ ಒಂದು ಪ್ಲಾಸ್ಟಿಕ್ ಚೀಲ ತಂದ. ದಾದರಿನ ಫುಟ್‌ಪಾತಿನಲ್ಲಿ ಅವನ ಅಪ್ಪ ಚೌಕಾಸಿ ಮಾಡಿ ಕೊಂಡದ್ದು. ಒಳಗೆ ಹದಿನೆಂಟು ಪ್ರಾಣಿಗಳು, ಹೊಟ್ಟೆಯ ಕೆಳಗೆ ಅಚ್ಚಿನ ಗೀರು, ಕಣ್ಣಿಗೆ ಹಾಕಿದ ಬಿಳಿ ಬಣ್ಣ ಕಣ್ಣಿನ ಹೊರಗೆ. ಇವನ್ನು ಗುಂಪು ಮಾಡಿ ಅಂದೆ. ಐದು ನಿಮಿಷದಲ್ಲಿ ಮುಗಿಸಿಬಿಟ್ಟರು. ಅಮ್ಮಿಯ ಬಳಿ ಬಣ್ಣದ ಸ್ಟಿಕ್ಕರ್ ಹಾಳೆಯಿತ್ತು. ತಿನಿಸಿನ ಪೊಟ್ಟಣಗಳ ಮೇಲೆ ಇರುತ್ತಿದ್ದ ವೆಜ್, ನಾನ್‌ವೆಜ್ ಚುಕ್ಕೆಗಳಂತೆ ಒಂದೊಂದರ ಹೊಟ್ಟೆಗೂ ಹಸಿರು ಚುಕ್ಕೆ ಇಲ್ಲವೇ ಕೆಂಪು ಚುಕ್ಕೆ ಅಂಟಿಸಿದರು. ವೆಜ್ ಒಂದು ಕಡೆ, ನಾನ್‌ವೆಜ್ ಒಂದು ಕಡೆ. ಮುಂಬೈಯಲ್ಲಿ ಹೋಟೆಲಿನಿಂದ ಹೌಸಿಂಗ್ ಸೊಸೈಟಿಯ ತನಕ ಲೋಕವನ್ನು ಹೀಗೆಯೇ ಎರಡು ಪಾಲು ಮಾಡುವುದನ್ನು ನೋಡಿ ಬೆಳೆದ ಮಕ್ಕಳು. ಅವರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಕೆಂಪು ಚುಕ್ಕೆಯವರೆಲ್ಲ ಒಂದು ಕುಟುಂಬ, ಹಸಿರಿನವರೆಲ್ಲ ಇನ್ನೊಂದು ಎಂದು ಅಮ್ಮಿ ಚಾರ್ಟ್ ಬರೆದಳು. ರೆಕ್ಕೆಯ ಟೆರನೊಡಾನ್, ಬೆನ್ನ ಮೇಲೆ ಹಾಯಿ ಹೊತ್ತ ಡೈಮೆಟ್ರೊಡಾನ್, ಹುಟ್ಟುಗಾಲಿನ ಪ್ಲೀಸಿಯೊಸಾರ್ ಮೂರೂ ಕೆಂಪಿಗೆ. ಚೀಲದಲ್ಲಿ ಹೇಗೋ ಸೇರಿದ್ದ ಒಂದು ಮ್ಯಾಮತ್ ಹಸಿರಿಗೆ. ಈ ನಾಲ್ಕೂ ಡೈನೋಸಾರುಗಳೇ ಅಲ್ಲ. ಡೈಮೆಟ್ರೊಡಾನ್ ಅಂತೂ ಡೈನೋಸಾರುಗಳು ಹುಟ್ಟುವ ಕೋಟ್ಯಂತರ ವರ್ಷ ಮೊದಲೇ ಅಳಿದದ್ದು. ವಂಶದಲ್ಲಿ ಹಲ್ಲಿಗಳಿಗಿಂತ ನಮಗೇ, ಸಸ್ತನಿಗಳಿಗೇ ಹತ್ತಿರ.

ಇನ್ನೊಂದು ತಪ್ಪು ಇದಕ್ಕಿಂತ ಆಳದ್ದು. ಮೇಜಿನ ಮೇಲೆ ‘ಆ ಕಾಲದ ನರ್ಮದೆ’ ಎಂಬ ದೃಶ್ಯ ಕಟ್ಟುವುದೆಂದು ನಿಶ್ಚಯವಾಗಿತ್ತು. ಅಲ್ಲಿದ್ದ ನಮ್ಮ ದೇಶದ ಮಾಂಸಾಹಾರಿ ಡೈನೋಸಾರ್ ರಾಜಾಸೌರಸ್ ಚೀಲದಲ್ಲಿರಲಿಲ್ಲ. “ಟಿ-ರೆಕ್ಸ್ ಇಡುವಾ ಟೀಚರ್,” ಅಂದ ಮಾಣಿ. “ಎರಡೂ ಒಂದೇ ಅಲ್ವಾ? ದೊಡ್ಡ ತಲೆ, ಚಿಕ್ಕ ಕೈ, ಚೂಪು ಹಲ್ಲು. ಅಣ್ಣ-ತಮ್ಮ.”

ಅವನು ಹೇಳಿದ ಮೂರು ಲಕ್ಷಣಗಳೂ ಸರಿ, ತೀರ್ಮಾನ ಮಾತ್ರ ತಪ್ಪು. ಈ ಪ್ರಕರಣವನ್ನು ಬರೆಯುತ್ತಿರುವುದೇ ಆ ಕಾರಣಕ್ಕೆ.

ಸೊಂಟದ ಪಾಠ, ಮತ್ತು ನನ್ನ ಎಡವಟ್ಟು

ನಾನು ಹಿಡಿದದ್ದು ಪುಸ್ತಕದ ದಾರಿ. ಹ್ಯಾರಿ ಸೀಲಿ ಎಂಬ ಇಂಗ್ಲಿಷ್ ವಿಜ್ಞಾನಿ 1887ರಲ್ಲಿ ಡೈನೋಸಾರುಗಳನ್ನು ಸೊಂಟ ನೋಡಿ ಎರಡು ಗುಂಪು ಮಾಡಿದ. ಸೊಂಟದ ಕೆಳಗಿನ ಪ್ಯೂಬಿಸ್ ಎಂಬ ಎಲುಬು ಮುಂದಕ್ಕೆ ಚಾಚಿದ್ದರೆ ಹಲ್ಲಿ-ಸೊಂಟದವು. ಹಿಂದಕ್ಕೆ ಬಾಗಿದ್ದರೆ ಹಕ್ಕಿ-ಸೊಂಟದವು. ಟಿ-ರೆಕ್ಸ್ ತರಹದ ಎರಡು ಕಾಲಿನ ಥೆರೊಪಾಡುಗಳು, ಉದ್ದ ಕುತ್ತಿಗೆಯ ಸೌರೊಪಾಡುಗಳು ಎರಡೂ ಮೊದಲನೇ ಗುಂಪು. ಟ್ರೈಸೆರಟಾಪ್ಸ್, ಸ್ಟೆಗೊಸಾರಸ್, ಆಂಕಿಲೊಸಾರಸ್ ಎಲ್ಲ ಎರಡನೆಯದು. ಅಂದರೆ ಸಾಧು ಉದ್ದಕುತ್ತಿಗೆಯು ಟ್ರೈಸೆರಟಾಪ್ಸಿಗಿಂತ ಟಿ-ರೆಕ್ಸಿಗೇ ಹತ್ತಿರ. ಹಸಿರು-ಕೆಂಪಿನ ಚಾರ್ಟ್ ಇಲ್ಲಿಗೇ ಹರಿಯಬೇಕಿತ್ತು.

ಹರಿಯಲಿಲ್ಲ. ಪ್ಲಾಸ್ಟಿಕ್ ಆಟಿಕೆಯಲ್ಲಿ ಸೊಂಟದ ಎಲುಬು ಎಲ್ಲಿಂದ ಕಾಣಬೇಕು? ಮಕ್ಕಳು ಬೋರ್ಡ್ ನೋಡಿ ನಕಲು ಮಾಡಿಕೊಂಡರು, ಅಷ್ಟೇ. ಹನ್ನೆರಡು ಗಂಟೆಗೆ ಚಪ್ಪಲಿ ಹಾಕಿಕೊಳ್ಳುವ ಗಡಿಬಿಡಿಯಲ್ಲಿ ಅಮ್ಮಿ ಕೇಳಿದಳು: “ಟೀಚರ್, ಹಕ್ಕಿಗಳು ಹಕ್ಕಿ-ಸೊಂಟದವರಿಂದ ಬಂದದ್ದಲ್ವಾ?” ನಾನು ಪುಸ್ತಕ ಜೋಡಿಸುತ್ತಾ “ಹೂಂ” ಅಂದುಬಿಟ್ಟೆ.

ತಪ್ಪು. ಹಕ್ಕಿಗಳು ಬಂದದ್ದು ಹಲ್ಲಿ-ಸೊಂಟದ ಥೆರೊಪಾಡುಗಳಿಂದ. ಅವುಗಳ ಪ್ಯೂಬಿಸ್ ಆಮೇಲೆ ಬೇರೆಯಾಗಿ ಹಿಂದಕ್ಕೆ ತಿರುಗಿತು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದು ಹೇಳಿದೆ. ಸಂಜೆಯೊಳಗೆ ಒಬ್ಬ ಮಗುವಿನ ಅಪ್ಪ ವಾಟ್ಸಾಪ್ ಗುಂಪಿನಲ್ಲಿ ಬಹಳ ವಿನಯದಿಂದ “ಟೀಚರ್, ಒಂದು ಸಣ್ಣ ಸಂಶಯ...” ಎಂದು ಶುರು ಮಾಡಿ ನನ್ನನ್ನು ತಿದ್ದಿದರು. ಇಪ್ಪತ್ತೆಂಟು ವರ್ಷ ಪಾಠ ಮಾಡಿದವಳಿಗೆ ಆ ರಾತ್ರಿ ಊಟ ರುಚಿಸಲಿಲ್ಲ.

ಮುಂದಿನ ವಾರ ತರಗತಿಯಲ್ಲಿ ಮೊದಲ ಮಾತೇ ಅದು: ಕಳೆದ ಸಲ ನಾನು ಹೇಳಿದ್ದು ತಪ್ಪು. ಮಕ್ಕಳಿಗೆ ಖುಷಿಯೋ ಖುಷಿ. ಇದರಿಂದ ಒಂದು ಉಪಕಾರವಾಯಿತು. ‘ಹೆಸರಿನಲ್ಲಿ ಹಕ್ಕಿ ಇದ್ದ ಮಾತ್ರಕ್ಕೆ ಹಕ್ಕಿಯ ನೆಂಟನಲ್ಲ’ ಎಂಬುದು ಹನ್ನೊಂದು ತಲೆಯಲ್ಲೂ ಗಟ್ಟಿಯಾಗಿ ಕೂತಿತು, ಟೀಚರ್ ಎಡವಿದ ಜಾಗ ಎಂಬ ಕಾರಣಕ್ಕೆ.

ಎಲುಬಿನ ಗಲಾಟೆ

ಎಲುಬು ಕೈಗೆ ಸಿಗದೆ ಇದು ಆಗದು ಅನಿಸಿತು. ಎಲ್ಲರ ಮನೆಯಲ್ಲೂ ಸಿಗುವ ಡೈನೋಸಾರ್ ಅಂದರೆ ಕೋಳಿ. ಅದರ ಕತ್ತಿನ ಬುಡದಲ್ಲಿ ಕವೆಯಾಕಾರದ ಎಲುಬೊಂದಿದೆ. ಅದೇ ಎಲುಬು ಟಿ-ರೆಕ್ಸಿನಲ್ಲೂ ಇತ್ತು. ಸೊಂಟದಲ್ಲಿ ತೊಡೆಯ ಎಲುಬಿನ ಗುಂಡು ಕೂರುವ ಗೂಡು ತೂತಾಗಿರುತ್ತದೆ, ಬೆರಳಿನ ತುದಿ ಆಚೆ ಕಾಣುತ್ತದೆ. ನಮ್ಮ ಸೊಂಟದ ಗೂಡು ಬಟ್ಟಲಿನಂತೆ, ತಳ ಮುಚ್ಚಿದೆ. ಆ ತೂತುಗೂಡು, ಅದಕ್ಕೆ ಹೊಂದಿಕೊಂಡು ದೇಹದ ಕೆಳಗೆ ಕಂಬದಂತೆ ನೇರ ನಿಂತ ಕಾಲು, ಇವು ಡೈನೋಸಾರ್ ಕುಲದ ಗುರುತು. ಮೊಸಳೆ, ಹಲ್ಲಿಗಳ ಕಾಲು ಪಕ್ಕಕ್ಕೆ ಚಾಚಿಕೊಂಡಿರುವುದನ್ನು ಎಲ್ಲರೂ ನೋಡಿದ್ದಾರೆ.

ಬರುವ ವಾರ ಕೋಳಿಯ ಎಲುಬು ತನ್ನಿ ಎಂದು ಗುಂಪಿನಲ್ಲಿ ಹಾಕಿದೆ. ಒಂದು ಗಂಟೆಯೊಳಗೆ ಫೋನ್. ಸಂಘದ ಹಾಲಿನಲ್ಲಿ ಸತ್ಯನಾರಾಯಣ ಪೂಜೆಯೂ ನಡೆಯುತ್ತದೆ, ಅಲ್ಲಿ ಕೋಳಿಯ ಎಲುಬು ಹರಡುವುದು ಸರಿಯಲ್ಲ ಎಂದರು ಒಬ್ಬ ತಾಯಿ. ಸಿಟ್ಟಿನಿಂದಲ್ಲ, ಸಂಕೋಚದಿಂದಲೇ ಹೇಳಿದರು. ಇನ್ನೊಬ್ಬರು, ಹಾಗಾದರೆ ನಾವು ತಿನ್ನುವುದೇ ತಪ್ಪಾ ಎಂದರು. ಹಸಿರು ಚುಕ್ಕೆ ಕೆಂಪು ಚುಕ್ಕೆಯ ಜಗಳ ಆಟಿಕೆಯಿಂದ ಹಿರಿಯರಿಗೆ ಹತ್ತಿತು.

ಇಲ್ಲಿ ನಾನು ಮಾಡಿದ ನಿರ್ಧಾರದ ಬಗ್ಗೆ ಈಗಲೂ ಪೂರ್ತಿ ಸಮಾಧಾನವಿಲ್ಲ. ಎಲುಬಿನ ಪಾಠವನ್ನು ಹಾಲಿನಿಂದ ಅಮ್ಮಿಯ ಮನೆಗೆ ಸಾಗಿಸಿದೆ. ಜಗಳ ತಪ್ಪಿತು. ಆದರೆ ಹನ್ನೊಂದರಲ್ಲಿ ಏಳು ಮಕ್ಕಳಷ್ಟೇ ಬಂದರು. ಉಳಿದವರಿಗೆ ಫೋಟೋ ಮಾತ್ರ. ಮಾಣಿ ಬರಲಿಲ್ಲ.

ಅಮ್ಮಿಯ ಅಮ್ಮ ಕೋರಿ ರೊಟ್ಟಿ ಮಾಡಿದ ಭಾನುವಾರದ ಎಲುಬುಗಳನ್ನು ಮತ್ತೆ ಕುದಿಸಿ, ಸೋಪಿನ ನೀರಿನಲ್ಲಿ ಎರಡು ದಿನ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕಿಟಕಿಯ ಗ್ರಿಲ್ಲಿನಲ್ಲಿ ತುಳಸಿ ಕುಂಡದ ಪಕ್ಕ ಒಣಗಲು ಇಟ್ಟಿದ್ದರು. ಕಾಗೆ ಬಂದು ಕವೆ ಎಲುಬನ್ನೇ ಎತ್ತಿಕೊಂಡು ಎದುರಿನ ಕಟ್ಟಡದ ನೀರಿನ ಟ್ಯಾಂಕಿಗೆ ಹಾರಿತು. “ಡೈನೋಸಾರೇ ಡೈನೋಸಾರಿನ ಎಲುಬು ಕದ್ಕೊಂಡು ಹೋಯ್ತು ಟೀಚರ್!” ಎಂದು ಅಮ್ಮಿ ಫೋನಿನಲ್ಲಿ ಕೂಗಿದಳು. ಆ ಮಾತು ಕೇಳಿದಾಗ, ಸೊಂಟದ ಪಾಠ ಎಲ್ಲೋ ತಾಗಿದೆ ಎಂದು ಧೈರ್ಯ ಬಂತು. ಇನ್ನೊಂದು ಭಾನುವಾರದ ಕೋಳಿಗೆ ಕಾದೆವು.

ಉದ್ದುಗುರಿನವನು

ಚಾರ್ಟ್ ನಿಜವಾಗಿ ಒಡೆದದ್ದು ಒಂದು ಆಟಿಕೆಯಿಂದ. ಕೈಯಲ್ಲಿ ಕುಡುಗೋಲಿನಂಥ ಉಗುರುಗಳಿದ್ದ, ಹೊಟ್ಟೆ ಡುಬ್ಬಣ್ಣನಂತಿದ್ದ ಒಂದು ಪ್ರಾಣಿ. ಥೆರಿಜಿನೊಸಾರಸ್. ಉಗುರು ನೋಡಿ ಕೆಂಪು ಚುಕ್ಕೆ ಹಾಕಿದ್ದರು. ಮಂಗೋಲಿಯಾದಲ್ಲಿ ಇದರ ಉಗುರುಗಳು ಸಿಕ್ಕಿದಾಗ ರಷ್ಯದ ಮಲೆಯೆವ್ 1954ರಲ್ಲಿ ಇದನ್ನು ಆಮೆಯಂಥ ದೈತ್ಯ ಸರೀಸೃಪ ಎಂದೇ ವರ್ಣಿಸಿದ. ಆಮೇಲೆ ಸಿಕ್ಕ ಇದರ ನೆಂಟರಲ್ಲಿ ಎಲೆಯಾಕಾರದ ಸಣ್ಣ ಹಲ್ಲು, ಬಾಯ ತುದಿಗೆ ಕೊಕ್ಕು, ಸೊಪ್ಪು ಕೊಳೆಸಲು ಬೇಕಾದ ದೊಡ್ಡ ಹೊಟ್ಟೆಗೆ ತಕ್ಕ ಅಗಲ ಸೊಂಟ ಕಂಡವು. ಸೊಪ್ಪು ತಿನ್ನುವವನು, ಉಗುರು ಕೊಂಬೆ ಎಳೆಯಲು ಇದ್ದಿರಬೇಕು.

ಸರಿ, ಹಸಿರು ಚುಕ್ಕೆ ಹಾಕಿ ಟ್ರೈಸೆರಟಾಪ್ಸಿನ ಪಕ್ಕ ಇಡೋಣ ಎಂದರು. ಇಡುವ ಹಾಗಿಲ್ಲ. ಮಣಿಕಟ್ಟಿನಲ್ಲಿ ಹಕ್ಕಿಗಳ ಪೂರ್ವಜರಿಗೆ ಇರುವ ಅರ್ಧಚಂದ್ರದ ಎಲುಬು ಈ ವಂಶದಲ್ಲಿದೆ. ಚೀನಾದಲ್ಲಿ ಸಿಕ್ಕಿ 1999ರಲ್ಲಿ ಹೆಸರು ಪಡೆದ ಬೇಪಿಯಾವೊಸಾರಸ್ ಎಂಬ ಅದರ ನೆಂಟನಿಗೆ ಪುಕ್ಕದಂಥ ಹೊದಿಕೆಯ ಗುರುತೇ ಇತ್ತು. ಇದು ಟಿ-ರೆಕ್ಸ್ ಕಡೆಯ ಥೆರೊಪಾಡ್, ಊಟ ಮಾತ್ರ ಸೊಪ್ಪು. ತಮಾಷೆಯೆಂದರೆ ಇದರ ಪ್ಯೂಬಿಸ್ ಕೂಡ ಹಿಂದಕ್ಕೇ ತಿರುಗಿದೆ. ಸೀಲಿಯ ಸೊಂಟವೊಂದನ್ನೇ ನಂಬಿದ್ದರೆ ಇಲ್ಲಿ ನಾನೇ ಮತ್ತೆ ಎಡವುತ್ತಿದ್ದೆ. ಒಂದು ಲಕ್ಷಣ ಹಿಡಿದು ವಂಶ ಹೇಳಬಾರದು. ನಾಲ್ಕೈದು ಒಟ್ಟಿಗೆ ಒಂದೇ ಕಡೆ ಬೊಟ್ಟು ಮಾಡಬೇಕು.

ಮಕ್ಕಳು ಸುಸ್ತಾದರು. “ಹಾಗಾದ್ರೆ ಇದು ಯಾವ ಸೈಡ್ ಟೀಚರ್?” ಮಾಣಿಯ ದನಿಯಲ್ಲಿ ಅಳು ಇತ್ತು.

ಹಾಲಿನ ಹಿಂದಿನ ಕುರ್ಚಿಯಲ್ಲಿ ಪ್ರತಿ ವಾರ ಅಮ್ಮಿಯ ಅಜ್ಜಿ ಕೂತಿರುತ್ತಿದ್ದರು, ಮೊಮ್ಮಗಳನ್ನು ಕರೆದುಕೊಂಡು ಹೋಗಲು. ಅವರ ಗಂಡ ಮುಂಬೈಯ ಕೋಟೆ (ಫೋರ್ಟ್) ಕಡೆಯ ಹೋಟೆಲೊಂದರಲ್ಲಿ ಕ್ಯಾಷಿನಲ್ಲಿ ಕೂತು ನಿವೃತ್ತರಾದವರು. ಯಾರನ್ನೇ ಹೊಸದಾಗಿ ಕಂಡರೂ ಅಜ್ಜಿಯ ಮೊದಲ ಪ್ರಶ್ನೆ “ಊರಲ್ಲಿ ಎಲ್ಲಿ?”, ಎರಡನೆಯದು “ಯಾವ ಬಳಿ?” ಬಳಿ ಅಂದರೆ ತಾಯಿಯ ಕಡೆಯಿಂದ ಬರುವ ವಂಶ, ಸಂಬಂಧ ಕುದುರಿಸುವಾಗ ಕರಾವಳಿಯಲ್ಲಿ ಮೊದಲು ನೋಡುವುದೇ ಅದನ್ನು. ಅಜ್ಜಿ ಕೂತಲ್ಲಿಂದಲೇ ಅಂದರು:

“ನೀವು ಎಂಥದು ಟೀಚರೇ, ಕೆಲಸ ನೋಡಿ ಬಳಿ ಹೇಳ್ತೀರಾ? ನಮ್ಮವರ ಹೋಟೆಲಲ್ಲಿ ಎಲ್ಲರಿಗೂ ಅದೇ ಬಿಳಿ ಅಂಗಿ, ಅದೇ ಹೆಗಲ ಮೇಲೆ ಬಟ್ಟೆ. ಅವರೆಲ್ಲ ಒಂದೇ ಮನೆಯವರಾ? ನಮ್ಮ ತಮ್ಮ ಬ್ಯಾಂಕಲ್ಲಿ, ಅವನ ಬಳಿ ನನ್ನದೇ ಅಲ್ವಾ?”

ನಾನು ಮೂರು ವಾರದಿಂದ ಹೇಳಲು ಒದ್ದಾಡುತ್ತಿದ್ದದ್ದು ಅಷ್ಟೇ. ಹಲ್ಲು, ಉಗುರು, ಕೈಯ ಉದ್ದ, ಹೊಟ್ಟೆಯ ಗಾತ್ರ, ಇವೆಲ್ಲ ಕೆಲಸದ ಅಂಗಿ. ಆ ಕಾಡಿನಲ್ಲಿ ಅವನು ಏನು ಮಾಡುತ್ತಿದ್ದ ಎಂದು ಹೇಳುತ್ತವೆ. ಕವೆ ಎಲುಬು, ತೂತುಗೂಡು, ಮಣಿಕಟ್ಟಿನ ಚಂದ್ರ, ಹೊರಗಿನವರ ಕಣ್ಣಿಗೆ ಬೀಳದ ಈ ಸಣ್ಣಪುಟ್ಟವು ಮನೆಯ ಗುರುತು.

ಬಳಿ ಎಂಬ ಪದವನ್ನು ಹಾಗೆಯೇ ತರಗತಿಗೆ ತರಲು ಹಿಂಜರಿದೆ. ಧಾರವಾಡ ಕಡೆಯ ಹುಡುಗ ಆಗಲೇ “ನಮ್ಗ ಬಳಿ ಇಲ್ಲೇನ್ರಿ?” ಎಂದು ಮುಖ ಸಣ್ಣದು ಮಾಡಿದ್ದ. ಅದನ್ನು ಹಿಡಿದರೆ ಜಾತಿಯ ಮಾತಿಗೆ ಎರಡೇ ಹೆಜ್ಜೆ. ಆದ್ದರಿಂದ ‘ಕೆಲಸ’ ಮತ್ತು ‘ಮನೆತನ’ ಎಂಬ ಎರಡು ಪದ ಗೊತ್ತುಮಾಡಿದೆವು. ಚುಕ್ಕೆಗಳನ್ನು ಕಿತ್ತು ಹಾಕಲಿಲ್ಲ, ಅವು ಕೆಲಸಕ್ಕೆ. ಮನೆತನಕ್ಕೆ ಉಲ್ಲನ್ ದಾರ. ಒಂದು ಹಲಗೆಯ ಮೇಲೆ ಆಟಿಕೆಗಳನ್ನಿಟ್ಟು ನೆಂಟರಿಂದ ನೆಂಟರಿಗೆ ದಾರ ಎಳೆದಾಗ ಹಸಿರು ಕೆಂಪು ಕಲಸಿಹೋದವು. ಟ್ರೈಸೆರಟಾಪ್ಸ್, ಸ್ಟೆಗೊಸಾರಸ್, ಆಂಕಿಲೊಸಾರಸ್ ಒಂದು ಗಂಟಿಗೆ. ಮೂವರ ಕೆಳದವಡೆಯ ತುದಿಯಲ್ಲೂ ಟೋಪಿ ಹಾಕಿದಂತೆ ಒಂದು ಒಂಟಿ ಎಲುಬಿದೆ, ಬೇರೆ ಯಾರಿಗೂ ಇಲ್ಲ. ಮ್ಯಾಮತ್, ಟೆರನೊಡಾನ್, ಪ್ಲೀಸಿಯೊಸಾರ್, ಡೈಮೆಟ್ರೊಡಾನ್ ಹಲಗೆಯಿಂದ ಹೊರಗೆ, ಪಕ್ಕದ ಸ್ಟೂಲಿನ ಮೇಲೆ.

ನರ್ಮದೆಯ ಮೇಜು

ಮತ್ತೆ ಟಿ-ರೆಕ್ಸಿನ ಪ್ರಶ್ನೆಗೆ ಬಂದೆವು. ಗುಜರಾತಿನ ಬಾಲಾಸಿನೋರ್ ಹತ್ತಿರದ ರಾಹಿಯೋಲಿಯಲ್ಲಿ ಸಿಕ್ಕ ಎಲುಬುಗಳಿಂದ 2003ರಲ್ಲಿ ಹೆಸರು ಪಡೆದ ರಾಜಾಸೌರಸ್ ನರ್ಮದೆನ್ಸಿಸ್ ಅಬೆಲಿಸಾರಿಡ್ ಮನೆತನದವನು. ಹಣೆಯ ಮೇಲೆ ಒಂದು ಗಿಡ್ಡ ಕೊಂಬು. ಇವನ ನೆಂಟರು ಮಡಗಾಸ್ಕರದ ಮಜುಂಗಸಾರಸ್, ಅರ್ಜೆಂಟೀನಾದ ಕಾರ್ನೊಟಾರಸ್. ಕಾರ್ನೊಟಾರಸ್‌ನ ಕೈ ಟಿ-ರೆಕ್ಸಿನದಕ್ಕಿಂತಲೂ ಮೋಟು, ಆದರೆ ನಾಲ್ಕು ಬೆರಳು. ಟಿ-ರೆಕ್ಸಿಗೆ ಎರಡೇ. ತಲೆಯೇ ಆಯುಧವಾದಾಗ ಕೈ ಸೊರಗುವುದು ಎರಡು ಬೇರೆ ಮನೆಗಳಲ್ಲಿ ಬೇರೆಬೇರೆಯಾಗಿ ನಡೆದಿದೆ. ನೆಂಟಸ್ತನ ಲೆಕ್ಕ ಹಾಕಿದರೆ ಟಿ-ರೆಕ್ಸಿಗೆ ರಾಜಾಸೌರಸ್‌ಗಿಂತ ಅಮ್ಮಿಯ ಮನೆಯ ಕೋಳಿಯೇ ಹತ್ತಿರ. ಇದನ್ನು ಹೇಳಿದ ದಿನ ತರಗತಿ ಐದು ನಿಮಿಷ ನಿಂತುಹೋಯಿತು.

ಮನೆತನ ಗೊತ್ತಾದರೆ ನೆಲದ ಕತೆಯೂ ಬಿಚ್ಚಿಕೊಳ್ಳುತ್ತದೆ. ಭಾರತ, ಮಡಗಾಸ್ಕರ, ದಕ್ಷಿಣ ಅಮೆರಿಕ ಹಿಂದೆ ಒಂದೇ ಭೂಖಂಡದ ತುಂಡುಗಳು. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರದಿಂದ ಬಿಡಿಸಿಕೊಂಡು ಭಾರತ ಉತ್ತರಕ್ಕೆ ತೇಲಿತು. 6.6 ಕೋಟಿ ವರ್ಷದ ಹಿಂದೆ ಅದಿನ್ನೂ ಭೂಮಧ್ಯರೇಖೆಯ ದಕ್ಷಿಣದಲ್ಲಿ, ಕಡಲ ನಡುವೆ. ದಖ್ಖನಿನ ಲಾವಾ ಉಕ್ಕಿದ್ದು ಆ ಹೊತ್ತಿಗೇ. ಮುಂಬೈಯಲ್ಲಿ ನಾವು ಕೂತ ನೆಲ, ಅಂಧೇರಿಯ ಗಿಲ್ಬರ್ಟ್ ಹಿಲ್ಲಿನ ಕಪ್ಪು ಕಂಬಗಳು ಎಲ್ಲ ಆ ಲಾವಾದ ಪೈಕಿ. ನರ್ಮದೆಯ ಡೈನೋಸಾರುಗಳು ಮಲಗಿರುವ ಲಮೇಟಾ ಎಂಬ ಕಲ್ಲಿನ ಪದರ ಲಾವಾದ ಅಡಿಯಲ್ಲಿದೆ. ಟಿ-ರೆಕ್ಸ್ ಇದ್ದದ್ದು ಉತ್ತರ ಅಮೆರಿಕದ ಪಶ್ಚಿಮದಲ್ಲಿ. ಅದನ್ನು ನರ್ಮದೆಯ ಮೇಜಿಗೆ ತರುವ ಹಾಗಿಲ್ಲ. ಮಾಣಿ ಮನಸ್ಸಿಲ್ಲದೆ ತೆಗೆದಿಟ್ಟು, ಜೇಡಿಮಣ್ಣಿನಲ್ಲಿ ರಾಜಾಸೌರಸ್ ಮಾಡಿದ. ನೋಡಲು ಕೋಣದಂತಿತ್ತು. ಪರವಾಗಿಲ್ಲ.

ಉಳಿದ ಪಾತ್ರಗಳಿಗೆ ಅವರವರ ಕೆಲಸ ಹಂಚಿದೆವು. ದೊಡ್ಡ ಸೊಪ್ಪುಗಾರ ಇಸಿಸಾರಸ್, ನಮ್ಮ ಮಹಾರಾಷ್ಟ್ರದ್ದೇ, ಚಂದ್ರಪುರ ಜಿಲ್ಲೆಯ ಡೋಂಗರಗಾಂವ್‌ನದು. ಹೆಸರಿನಲ್ಲಿರುವ ಐಎಸ್‌ಐ ಕುಕ್ಕರಿನ ಮೇಲಿನ ಮಾರ್ಕ್ ಅಲ್ಲ, ಕೋಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಎಂದು ತಿಳಿದು ಮಕ್ಕಳಿಗೆ ನಿರಾಸೆ. ಅದೇ ಜಿಲ್ಲೆಯ ಪಿಸ್ದುರಾದಲ್ಲಿ ಕಲ್ಲಾದ ಲದ್ದಿ ಸಿಗುತ್ತದೆ. ಅದರೊಳಗೆ ಹುಲ್ಲಿನ ಸೂಕ್ಷ್ಮ ಸಿಲಿಕಾ ಕಣಗಳಿವೆ ಎಂದು 2005ರಲ್ಲಿ ಪ್ರಕಟವಾದ ಮೇಲೆ, ಡೈನೋಸಾರ್ ಕಾಲದಲ್ಲಿ ಹುಲ್ಲೇ ಇರಲಿಲ್ಲ ಎಂಬ ಹಳೇ ಮಾತು ಬಿತ್ತು. ಹಾಗಾಗಿ ಮೇಜಿನ ಮೇಲೆ ಅಲ್ಲಲ್ಲಿ ಹುಲ್ಲು ಅಂಟಿಸಲು ನನ್ನ ಒಪ್ಪಿಗೆ ಸಿಕ್ಕಿತು. ಹಲ್ಲು ಏನು ತಿನ್ನಬಲ್ಲದು ಎಂದಷ್ಟೇ ಹೇಳುತ್ತದೆ. ನಿಜವಾಗಿ ಏನು ತಿಂದ ಎಂದು ತಿಳಿಯಬೇಕಾದರೆ ಲದ್ದಿಯನ್ನೇ ಕೇಳಬೇಕು. ಈ ಮಾತಿಗೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಪ್ರದರ್ಶನದ ದಿನ ಎಲ್ಲರೂ ಮರೆಯದೆ ಹೇಳಿದ ವಾಕ್ಯವೂ ಇದೇ.

ಗೂಡುಗಳಿಗೆ ಥರ್ಮಾಕೋಲ್ ಗುಂಡುಗಳು ಮೊಟ್ಟೆಯಾದವು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡು, 256 ಮೊಟ್ಟೆಗಳ ವರದಿ 2023ರಲ್ಲಿ ಬಂದಿದೆ. ಗೂಡಿನ ಪಕ್ಕ ಅಮ್ಮಿ ಒಂದು ಹಾವು ಸುತ್ತಿಟ್ಟಳು: ಸನಾಜೆ ಇಂಡಿಕಸ್, ಮೂರೂವರೆ ಮೀಟರ್. ಗುಜರಾತಿನಲ್ಲಿ ಮೊಟ್ಟೆಯ ಜೊತೆ ಸಿಕ್ಕ ಈ ಎಲುಬುಗಳನ್ನು ಮೊದಲು ಡೈನೋಸಾರ್ ಮರಿಯದ್ದೆಂದೇ ತಿಳಿದಿದ್ದರು. 2001ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ವಿಲ್ಸನ್ ಅದೇ ಕಲ್ಲಿನಲ್ಲಿ ಹಾವಿನ ಬೆನ್ನೆಲುಬು ಗುರುತಿಸಿದರು. ಮೊದಲು ಅದನ್ನು ಹುಡುಕಿದ ಧನಂಜಯ ಮೊಹಬೆ ಅವರೂ ಸೇರಿ 2010ರಲ್ಲಿ ಹೊಸ ಹೆಸರಿಟ್ಟರು. ಈ ಹಾವಿನ ದವಡೆ ಇಂದಿನ ಹೆಬ್ಬಾವಿನಂತೆ ಅಗಲ ತೆರೆಯದು, ಇಡೀ ಮೊಟ್ಟೆ ನುಂಗಲಾಗದು. ಆದ್ದರಿಂದ ಅದರ ಕೆಲಸ ಆಗಷ್ಟೇ ಹೊರಬಂದ ಮರಿ ಹಿಡಿಯುವುದು.

ಇನ್ನೊಂದು ಕತೆಯನ್ನು ಮಕ್ಕಳ ಸಮಾಧಾನಕ್ಕೆಂದೇ ಹೇಳಿದೆ. ಜಬಲ್ಪುರದ ಬಾರಾ ಸಿಮ್ಲಾ ಗುಡ್ಡದಲ್ಲಿ ಸಿಕ್ಕ ಸೊಂಟ, ಕಾಲು ಮತ್ತು ಗುರಾಣಿಯಂಥ ಚರ್ಮದ ಎಲುಬುಗಳನ್ನು ಒಂದೇ ಪ್ರಾಣಿಯದ್ದೆಂದು ತಿಳಿದು ಮ್ಯಾಟ್ಲಿ ಎಂಬ ಬ್ರಿಟಿಷ್ ಭೂವಿಜ್ಞಾನಿ 1923ರಲ್ಲಿ ಲಮೇಟಾಸಾರಸ್ ಎಂದು ಹೆಸರಿಟ್ಟ. ಕವಚ ಇದೆ, ಹಾಗಾದರೆ ಸ್ಟೆಗೊಸಾರಸ್, ಆಂಕಿಲೊಸಾರಸ್‌ಗಳ ಕಡೆಯ ಸೊಪ್ಪುಗಾರ ಎಂದು ಅವನ ಎಣಿಕೆ. ಆಮೇಲೆ ನೋಡಿದರೆ ಸೊಂಟ ಮತ್ತು ಕಾಲು ಮಾಂಸಾಹಾರಿ ಥೆರೊಪಾಡಿನವು, ಗುರಾಣಿ ಉದ್ದಕುತ್ತಿಗೆಯವನದು. ಇಬ್ಬರ ಬಟ್ಟೆ ಒಂದೇ ಗಂಟಿನಲ್ಲಿ ಕಟ್ಟಿದ ಹಾಗೆ.

ಪ್ರದರ್ಶನದ ದಿನ

ಬಂದವರಲ್ಲಿ ಹೆಚ್ಚಿನವರು ಪಕ್ಕದ ಮೇಜಿನ ಅಡಿಗೆ ಸೋಡಾ ಜ್ವಾಲಾಮುಖಿಯ ಮುಂದೆ ಸೆಲ್ಫಿ ತೆಗೆದುಕೊಂಡರು. ಬಹುಮಾನವೂ ಅದಕ್ಕೇ ಹೋಯಿತು. ನಮ್ಮ ದಾರದ ಹಲಗೆ ದೂರದಿಂದ ಜೇಡರ ಬಲೆಯಂತೆ ಕಾಣುತ್ತಿತ್ತು; ಒಬ್ಬ ಹಿರಿಯರು “ಇದು ಮುರಿದಿದೆಯಾ?” ಎಂದು ಕೇಳಿದರು. ಹಲಗೆಯನ್ನು ಓದಿಸುವ ಬಗೆ ನಾನು ಯೋಚಿಸಿರಲಿಲ್ಲ. ನಾಲ್ಕೇ ಪ್ರಾಣಿ, ನಾಲ್ಕೇ ದಾರ ಸಾಕಿತ್ತು.

ಒಬ್ಬರು ಮಾತ್ರ ಹತ್ತು ನಿಮಿಷ ನಿಂತರು, ಅಮ್ಮಿಯ ಅಜ್ಜಿ. ಕೋಣದಂಥ ರಾಜಾಸೌರಸ್‌ಗೆ ಬೆರಳು ಮಾಡಿ, “ಇವ ಊರಲ್ಲಿ ಎಲ್ಲಿ?” ಎಂದರು.

“ಗುಜರಾತ್, ಅಜ್ಜಿ. ನೆಂಟರು ಮಡಗಾಸ್ಕರದಲ್ಲಿ,” ಅಂದಿತು ಮೇಜಿನ ಹಿಂದಿದ್ದ ಮಗು.

“ಹಾಗಾದ್ರೆ ನಮ್ಮ ಹಾಗೇ, ಊರು ಬಿಟ್ಟು ಬಂದವ.”

“ಅವ ಬಂದದ್ದಲ್ಲ ಅಜ್ಜಿ. ನೆಲವೇ ಬಂದದ್ದು.”

ಅಜ್ಜಿ ನನ್ನ ಮುಖ ನೋಡಿದರು, ಮಗು ಏನೋ ಹುಚ್ಚುಚ್ಚು ಹೇಳುತ್ತಿದೆಯೇ ಎಂಬಂತೆ. ನಾನು ತಲೆ ಆಡಿಸಿದೆ, ಈ ಸಲ ಯೋಚಿಸಿಯೇ.

ಮೂರು ತಿಂಗಳ ನಂತರ

ಬೇಸಿಗೆ ರಜೆಗೆ ಮುನ್ನ, ಹಿಂದೆ ತೋರಿಸದ ಚಿತ್ರಗಳನ್ನು ಮಕ್ಕಳ ಮುಂದಿಟ್ಟೆ: ಡಾಲ್ಫಿನ್, ಶಾರ್ಕ್, ಮತ್ತು ಡೈನೋಸಾರ್ ಕಾಲದ ಕಡಲ ಸರೀಸೃಪ ಇಕ್ತಿಯೊಸಾರ್. ಮೂರಕ್ಕೂ ಅದೇ ದೋಣಿಯಂಥ ಮೈ, ಅದೇ ಬೆನ್ನುರೆಕ್ಕೆ. ಆ ದಿನ ಬಂದದ್ದು ಒಂಬತ್ತು ಮಕ್ಕಳು. ಆರು ಮಂದಿ ಕೆಲಸ ಒಂದೇ, ಮನೆತನ ಮೂರು ಎಂದು ತಾವಾಗಿ ಹೇಳಿದರು. ಮೂವರು ಒಂದೇ ಕುಟುಂಬ ಅಂದರು. ಆ ಮೂವರೂ ಅಮ್ಮಿಯ ಮನೆಗೆ ಬಾರದೆ ಫೋಟೋ ಮಾತ್ರ ನೋಡಿದವರು. ಇಷ್ಟು ಸಣ್ಣ ಗುಂಪಿನಿಂದ ದೊಡ್ಡ ಮಾತು ಆಡಲಾಗದು. ಆದರೂ ಇನ್ನೊಮ್ಮೆ ಇದನ್ನು ಮಾಡಿಸುವುದಾದರೆ, ಎಲುಬನ್ನು ಯಾರದೋ ಮನೆಗೆ ಸಾಗಿಸುವ ಮೊದಲು ಆ ತಾಯಿಯ ಜೊತೆ ಕೂತು ಮಾತಾಡುತ್ತೇನೆ. ಹಾಲಿನ ಹೊರಗಿನ ಜಗಲಿಯಲ್ಲಿ ಪೇಪರ್ ಹಾಸಿ ಮಾಡಬಹುದಿತ್ತು ಎಂದು ಆಮೇಲೆ ಅವರೇ ಅಂದರು.

ಹೆಸರು-ವರ್ಗೀಕರಣದಿಂದ ಶುರು ಮಾಡಿದ್ದೂ ನನ್ನ ತಪ್ಪೇ. ಕೈಗೆ ಸಿಗುವ ಎಲುಬು ಮೊದಲು, ಕೆಲಸ ಆಮೇಲೆ, ಮನೆತನ ಕೊನೆಗೆ, ಸೀಲಿಯ ಹೆಸರು ಬೇಕಿದ್ದರೆ ಮಾತ್ರ. ಅವನ ಎರಡು ಗುಂಪಿನ ಬಗ್ಗೆಯೇ ಈಗ ತಕರಾರಿದೆ: ಥೆರೊಪಾಡುಗಳು ಉದ್ದಕುತ್ತಿಗೆಯವರಿಗಿಂತ ಹಕ್ಕಿ-ಸೊಂಟದವರಿಗೇ ಹತ್ತಿರ ಎಂದು 2017ರಲ್ಲಿ ಕೆಲವು ಸಂಶೋಧಕರು ವಾದಿಸಿದರು, ಎಲ್ಲರೂ ಒಪ್ಪಿಲ್ಲ. ಇದನ್ನು ಹೇಳಿದಾಗ ಮಾಣಿ ಮೆಲ್ಲಗೆ, “ಹಾಗಾದ್ರೆ ದಾರ ಬಿಚ್ಚಬೇಕಾ ಟೀಚರ್?” ಅಂದ. ಸದ್ಯಕ್ಕೆ ಬೇಡ ಅಂದೆ.

ಚೀಲ ಈಗಲೂ ಸಂಘದ ಕಪಾಟಿನಲ್ಲಿದೆ, ಹಾರ್ಮೋನಿಯಂ ಪೆಟ್ಟಿಗೆಯ ಹಿಂದೆ. ಒಳಗೆ ಹದಿನೇಳೇ; ಮ್ಯಾಮತನ್ನು ಯಾರದೋ ತಮ್ಮ ಒಯ್ದಿದ್ದಾನೆ. ಉದ್ದುಗುರಿನವನ ಹೊಟ್ಟೆಯಲ್ಲಿ ಕೆಂಪು ಸ್ಟಿಕ್ಕರನ್ನು ಉಗುರಿನಿಂದ ಕೆರೆದ ಗುರುತು, ಅದರ ಅರ್ಧ ಮುಚ್ಚಿಕೊಂಡು ಒಂದು ಹಸಿರು ಚುಕ್ಕೆ, ಕಾಲಿಗೆ ಇನ್ನೂ ಬಿಚ್ಚದ ಉಲ್ಲನ್ ಗಂಟು.